ಬಿಚ್ಚಿ ಮತ್ತೆ ಜೋಡಿಸುವ ಖರ್ಚು: ಸಮ್ಮಿಲನ ಯಂತ್ರದ ದುರಸ್ತಿಯೂ ಸಣ್ಣ ಕಾರ್ಖಾನೆಯ ಲೆಕ್ಕವೂ

2022ರ ಮೇ ತಿಂಗಳಿನಲ್ಲಿ ಫ್ರಾನ್ಸ್ ದೇಶದ ದಕ್ಷಿಣ ಭಾಗದಲ್ಲಿ, ಸಾವಿರ ಟನ್ನಿಗೂ ಮೀರಿದ ತೂಕದ ಒಂದು ಯಂತ್ರಭಾಗವನ್ನು ಕ್ರೇನುಗಳಿಂದ ಎತ್ತಿ, ಅದಕ್ಕೆಂದೇ ನಿರ್ಮಿಸಿದ ಆಳವಾದ ಕಾಂಕ್ರೀಟ್ ಗುಂಡಿಯೊಳಗೆ ಇಳಿಸಿ ಕೂರಿಸಲಾಯಿತು. ಉಂಗುರಾಕಾರದ ದೊಡ್ಡ ಯಂತ್ರವೊಂದರ ಒಂಬತ್ತು ಹೋಳುಗಳಲ್ಲಿ ಅದು ಮೊದಲನೆಯದು. ಹದಿನಾಲ್ಕು ತಿಂಗಳ ತರುವಾಯ, 2023ರ ಜುಲೈನಲ್ಲಿ, ಅದೇ ಹೋಳನ್ನು ಗುಂಡಿಯಿಂದ ಮೇಲೆತ್ತಿ ಹೊರಕ್ಕೆ ತೆಗೆಯಲಾಯಿತು. ಕೂರಿಸಲು ಪಟ್ಟ ಶ್ರಮವನ್ನೆಲ್ಲ ಹಿಂದುಮುಂದಾಗಿ ಮತ್ತೊಮ್ಮೆ ಪಡಬೇಕಾಯಿತು. ಇದಕ್ಕೆ ಕಾರಣಗಳು ಎರಡು. ಬೆಸುಗೆಯ ಬದಿಯಲ್ಲಿ ತೊಳೆಯದೆ ಉಳಿದ ಕ್ಲೋರಿನ್ ಅಂಶ ಒಂದು. ಜೋಡಣೆಯ ಅಂಚುಗಳ ಅಳತೆಯಲ್ಲಿದ್ದ ವ್ಯತ್ಯಾಸ ಇನ್ನೊಂದು.

ಈ ಯಂತ್ರದ ಹೆಸರು ಈಟರ್. ಭಾರತವೂ ಸೇರಿದಂತೆ ಏಳು ಪಾಲುದಾರರು ಕೂಡಿ ಕಟ್ಟುತ್ತಿರುವ ಪ್ರಾಯೋಗಿಕ ಬೈಜಿಕ ಸಮ್ಮಿಲನ ಸ್ಥಾವರವಿದು. ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆದಾರರಿಗೂ ಗೌರಿಬಿದನೂರು, ಚಿಂತಾಮಣಿಗಳ ಸಣ್ಣ ಉದ್ದಿಮೆದಾರರಿಗೂ ಇದು ದೂರದ ವಿಷಯವೆಂದು ತೋರಬಹುದು. ಆದರೆ ಆ ಹೋಳಿನ ಒಡಲಿನಲ್ಲಿ ಬೆಂಗಳೂರಿನ ಕಾರ್ಖಾನೆಯೊಂದು ತಯಾರಿಸಿದ ಉಕ್ಕಿನ ಗಟ್ಟಿಗಳಿವೆ. ಅಲ್ಲದೆ, ಮುಚ್ಚಿದ ಯಂತ್ರವನ್ನು ಪುನಃ ತೆರೆಯಬೇಕಾದಾಗ ಬೀಳುವ ಖರ್ಚಿನ ಸ್ವರೂಪವು ದೊಡ್ಡ ಸ್ಥಾವರಕ್ಕೂ ಹತ್ತು ಜನರ ವರ್ಕ್‌ಷಾಪಿಗೂ ಒಂದೇ ಆಗಿರುತ್ತದೆ. ಮೊತ್ತದಲ್ಲಿ ಮಾತ್ರ ಅಂತರ.

ಯಂತ್ರದ ಸ್ವರೂಪ

ಉತ್ತರ ಕನ್ನಡದ ಕೈಗಾದಲ್ಲಿರುವ ಅಣು ವಿದ್ಯುತ್ ಸ್ಥಾವರದಲ್ಲಿ ಯುರೇನಿಯಂ ಪರಮಾಣುವಿನ ಬೀಜವನ್ನು ಒಡೆದು ಶಾಖ ಪಡೆಯಲಾಗುತ್ತದೆ. ಇದು ವಿದಳನ. ಸಮ್ಮಿಲನದ ಮಾರ್ಗ ಇದಕ್ಕೆ ವಿರುದ್ಧವಾದುದು. ಜಲಜನಕದ ಎರಡು ಭಾರವಾದ ರೂಪಗಳಾದ ಡ್ಯುಟೀರಿಯಂ ಮತ್ತು ಟ್ರಿಟಿಯಂ ಬೀಜಗಳು ಒಂದರಲ್ಲೊಂದು ಬೆರೆತು ಹೀಲಿಯಂ ಆಗುವಾಗ ಅಪಾರ ಶಕ್ತಿ ಹೊರಬೀಳುತ್ತದೆ. ಸೂರ್ಯನಲ್ಲಿ ನಡೆಯುತ್ತಿರುವುದೂ ಈ ಜಾತಿಯ ಕ್ರಿಯೆಯೇ. ಭೂಮಿಯ ಮೇಲೆ ಇದನ್ನು ಸಾಧಿಸಲು ಅನಿಲವನ್ನು ಸುಮಾರು 15 ಕೋಟಿ ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಅಂತಹ ಉಷ್ಣತೆಯನ್ನು ತಾಳುವ ಪಾತ್ರೆ ಇಲ್ಲವಾದ್ದರಿಂದ, ಕಾದ ಅನಿಲವನ್ನು ಪಾತ್ರೆಯ ಗೋಡೆಗೆ ತಾಗದಂತೆ ಕಾಂತಶಕ್ತಿಯಿಂದ ನಡುವೆ ಹಿಡಿದಿಡಲಾಗುತ್ತದೆ. ಉದ್ದಿನ ವಡೆಯ ಆಕಾರದ ಈ ಸಾಧನಕ್ಕೆ ಟೋಕಮಾಕ್ ಎಂದು ಹೆಸರು.

ಉದ್ದಿಮೆದಾರರು ಗಮನಿಸಬೇಕಾದುದು ಇದರ ಪದರಗಳನ್ನು. ಒಳಗೆ ನಿರ್ವಾತ ಪಾತ್ರೆ, ಅಂದರೆ ಗಾಳಿಯನ್ನೆಲ್ಲ ಹೊರತೆಗೆದ ಜೋಡಿ ಗೋಡೆಯ ಉಕ್ಕಿನ ಉಂಗುರ. ಅದರ ಹೊರಗೆ ಶಾಖ ಕವಚ. ಅದರಾಚೆಗೆ ಅತಿವಾಹಕ ಕಾಂತ ಸುರುಳಿಗಳು. ಇವು ಕೆಲಸ ಮಾಡುವುದು ಸೊನ್ನೆಗಿಂತ 269 ಡಿಗ್ರಿ ಕೆಳಗಿನ ಶೀತದಲ್ಲಿ. ಕೋಟಿಗಟ್ಟಲೆ ಡಿಗ್ರಿಯ ಬೆಂಕಿಗೂ ಈ ಶೀತಕ್ಕೂ ನಡುವಿನ ಅಂತರ ಕೆಲವೇ ಮೀಟರು. ಎಲ್ಲವನ್ನೂ ಒಳಗೊಂಡು ಹೊರಗೆ ನಿಲ್ಲುವ ಹಂಡೆ ಕ್ರಯೋಸ್ಟಾಟ್. ಸುಮಾರು 29 ಮೀಟರ್ ಎತ್ತರ, ಅಷ್ಟೇ ಅಗಲ, 3,850 ಟನ್ ತೂಕ. ಇದರ ಭಾಗಗಳನ್ನು ತಯಾರಿಸಿದ್ದು ಗುಜರಾತಿನ ಹಜೀರಾದಲ್ಲಿರುವ ಲಾರ್ಸನ್ ಅಂಡ್ ಟೂಬ್ರೋ ಕಾರ್ಖಾನೆ. 2020ರ ಮೇ ತಿಂಗಳಿನಲ್ಲಿ ಇದರ ತಳಭಾಗವನ್ನು ಗುಂಡಿಗೆ ಇಳಿಸಲಾಯಿತು.

ಸೋರಿಕೆ ಎಂಬುದು ಇಲ್ಲಿ ಮಾರಕ. ಬಾಯ್ಲರಿನ ಕೊಳವೆ ಸೋರಿದರೆ ಹಬೆ ಕಾಣುತ್ತದೆ, ಸದ್ದು ಕೇಳುತ್ತದೆ. ಬೆಂಕಿ ಆರಿಸಿ, ಕೊಳವೆ ಬದಲಿಸಿ ಮರುದಿನ ಕೆಲಸ ಹಿಡಿಯಬಹುದು. ಟೋಕಮಾಕಿನಲ್ಲಿ ಕೂದಲೆಳೆಗಿಂತ ಸಣ್ಣ ಬಿರುಕಿನಿಂದ ಹೀಲಿಯಂ ಸೋರಿದರೂ ನಿರ್ವಾತ ಕೆಡುತ್ತದೆ, ಶೀತ ನಿಲ್ಲುವುದಿಲ್ಲ. ಸೋರುವ ಜಾಗಕ್ಕೆ ಕೈ ಹೋಗಬೇಕಾದರೆ ಅದರ ಮೇಲಿನ ಪದರಗಳನ್ನೆಲ್ಲ ಬಿಚ್ಚಬೇಕು. ಹೀಗಾಗಿ ಬಿರುಕಿನ ಗಾತ್ರಕ್ಕೂ ಅದನ್ನು ಸರಿಪಡಿಸುವ ಖರ್ಚಿಗೂ ಸಂಬಂಧವೇ ಇರುವುದಿಲ್ಲ. ಬಿರುಕು ಯಾವ ಹಂತದಲ್ಲಿ ಕಣ್ಣಿಗೆ ಬಿತ್ತು ಎಂಬುದೇ ಖರ್ಚನ್ನು ನಿರ್ಧರಿಸುತ್ತದೆ.

ಬೆಂಗಳೂರಿನ ಪಾಲು

ಈಟರ್ ಒಪ್ಪಂದಕ್ಕೆ 2006ರ ನವೆಂಬರ್ 21ರಂದು ಪ್ಯಾರಿಸ್ಸಿನಲ್ಲಿ ಸಹಿ ಬಿದ್ದಿತು. ಐರೋಪ್ಯ ಒಕ್ಕೂಟದ ಪಾಲು ಶೇಕಡ 45ರಷ್ಟು. ಭಾರತ, ಚೀನಾ, ಜಪಾನ್, ಕೊರಿಯಾ, ರಷ್ಯಾ ಮತ್ತು ಅಮೆರಿಕಗಳದು ತಲಾ ಶೇಕಡ 9ರ ಆಸುಪಾಸು. ಈ ಪಾಲಿನ ಬಹುಭಾಗವನ್ನು ಹಣದ ರೂಪದಲ್ಲಿ ಅಲ್ಲದೆ ಸರಕಿನ ರೂಪದಲ್ಲಿ ಸಲ್ಲಿಸಬೇಕೆಂಬುದು ಒಪ್ಪಂದದ ವಿಶೇಷ. ಸರ್ಕಾರದ ಹಣ ದೇಶದ ಕಾರ್ಖಾನೆಗಳಿಗೆ ಸಂದು, ತಯಾರಾದ ವಸ್ತು ಹೊರಗೆ ಹೋಗುತ್ತದೆ. ವ್ಯಾಪಾರದ ದೃಷ್ಟಿಯಿಂದ ಇದು ಜಾಣತನದ ಏರ್ಪಾಡೆಂದೇ ಹೇಳಬೇಕು. ಹಣ ಕೊಟ್ಟು ಕೈತೊಳೆದುಕೊಂಡಿದ್ದರೆ ಭಾರತಕ್ಕೆ ರಸೀದಿಯೊಂದು ಉಳಿಯುತ್ತಿತ್ತು. ಈಗ ಕೆಲಸ ಕಲಿತ ಕಾರ್ಖಾನೆಗಳು ಉಳಿದಿವೆ.

ಅಂತಹವುಗಳಲ್ಲಿ ಬೆಂಗಳೂರಿನ ಅವಸರಾಲ ಟೆಕ್ನಾಲಜೀಸ್ ಒಂದು. ನಿರ್ವಾತ ಪಾತ್ರೆಯ ಜೋಡಿ ಗೋಡೆಗಳ ನಡುವಿನ ಜಾಗದಲ್ಲಿ ತುಂಬುವ ಉಕ್ಕಿನ ಗಟ್ಟಿಗಳು, ಸಂಖ್ಯೆಯಲ್ಲಿ ಸುಮಾರು 9,000, ತಯಾರಾದದ್ದು ಇಲ್ಲಿ. ಬೋರಾನ್ ಬೆರೆಸಿದ ಉಕ್ಕಿನ ದಪ್ಪ ಹಲಗೆಗಳನ್ನು ಒಂದರ ಮೇಲೊಂದು ಇಟ್ಟು ಬೋಲ್ಟುಗಳಿಂದ ಬಿಗಿದ ಈ ಗಟ್ಟಿಗಳು, ಒಳಗಿನಿಂದ ಸಿಡಿಯುವ ನ್ಯೂಟ್ರಾನ್ ಕಣಗಳನ್ನು ತಡೆದು ಹೊರಗಿನ ಕಾಂತ ಸುರುಳಿಗಳನ್ನು ಕಾಪಾಡುತ್ತವೆ. ಕೆಲವು ಗಟ್ಟಿಗಳಲ್ಲಿ ಕಾಂತಕ್ಕೆ ಸೆಳೆಯಲ್ಪಡುವ ಜಾತಿಯ ಉಕ್ಕನ್ನು ಬಳಸಿ, ಕಾಂತಕ್ಷೇತ್ರದ ಏರುಪೇರನ್ನು ತಗ್ಗಿಸಲಾಗಿದೆ. ಪಾತ್ರೆಯ ಮೈ ಎಲ್ಲೆಡೆ ಬಾಗಿರುವುದರಿಂದ ಗಟ್ಟಿಗಳ ಆಕಾರವೂ ಬಗೆಬಗೆಯಾಗಿರುತ್ತದೆ. ಪಾತ್ರೆಯ ಹೋಳುಗಳನ್ನು ತಯಾರಿಸುತ್ತಿದ್ದ ಕೊರಿಯಾ ಮತ್ತು ಇಟಲಿಯ ಕಾರ್ಖಾನೆಗಳಿಗೆ ಇವುಗಳನ್ನು ಬೆಂಗಳೂರಿನಿಂದ ಕಳುಹಿಸಲಾಯಿತು.

ಹೊರಗೋಡೆಯ ಬೆಸುಗೆ ಮುಗಿದ ಮೇಲೆ ಈ ಗಟ್ಟಿಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಬೋಲ್ಟು ಸಡಿಲವಾಗಿದ್ದರೂ ಬಿಗಿಯುವ ದಾರಿ ಇರುವುದಿಲ್ಲ. ಯಂತ್ರದ ಆಯಸ್ಸು ಪೂರ್ತಿ ಅವು ಅಲ್ಲಿಯೇ, ನೀರಿನೊಳಗೆ ಇರಬೇಕು. ಆದುದರಿಂದ ಪ್ರತಿ ಗಟ್ಟಿಗೂ ಅದರ ಉಕ್ಕು ಯಾವ ಎರಕದ್ದು, ಅಳತೆ ಎಷ್ಟು ಬಂದಿತು, ಹೇಗೆ ತೊಳೆಯಲಾಯಿತು, ಯಾರು ಪರೀಕ್ಷಿಸಿದರು ಎಂಬ ದಾಖಲೆ ಬೇಕಾಗುತ್ತದೆ. ಇಂತಹ ಕೆಲಸದ ದರಪಟ್ಟಿ ಸಲ್ಲಿಸುವವರು ಉಕ್ಕಿನ ಬೆಲೆ ಮತ್ತು ಯಂತ್ರದ ಗಂಟೆಗಳನ್ನು ಮಾತ್ರ ಎಣಿಸಿದರೆ ನಷ್ಟ ಖಂಡಿತ. ಪರೀಕ್ಷೆ ಮತ್ತು ದಾಖಲೆಯ ಖರ್ಚು ದರದೊಳಗೇ ಸೇರಿರಬೇಕು.

ತೊಳೆಯದೆ ಉಳಿದದ್ದು

ಶಾಖ ಕವಚವೆಂದರೆ ಸ್ಟೇನ್‌ಲೆಸ್ ಸ್ಟೀಲಿನ ಹಲಗೆಗಳು. ಅವುಗಳ ಮೈಗೆ ಬೆಸೆದ ಸಣ್ಣ ಕೊಳವೆಗಳು. ಕೊಳವೆಗಳಲ್ಲಿ ಸೊನ್ನೆಗಿಂತ ಸುಮಾರು 193 ಡಿಗ್ರಿ ಕೆಳಗಿನ ಶೀತದ ಹೀಲಿಯಂ ಅನಿಲ ಹರಿಯಬೇಕು. ಒಳಗಿನ ಶಾಖ ಕಾಂತ ಸುರುಳಿಗಳನ್ನು ತಲುಪದಂತೆ ಹಲಗೆಗಳಿಗೆ ತೆಳುವಾದ ಬೆಳ್ಳಿಯ ಲೇಪ ಕೊಡಲಾಗಿತ್ತು. ಬೆಳ್ಳಿಯ ಹೊಳಪಿಗೆ ಶಾಖವನ್ನು ಹಿಂದಿರುಗಿಸುವ ಗುಣವಿದೆ. ಲೇಪ ಹಿಡಿಯಬೇಕಾದರೆ ಉಕ್ಕಿನ ಮೈಯನ್ನು ಮೊದಲು ರಾಸಾಯನಿಕಗಳಿಂದ ಹದಗೊಳಿಸಬೇಕು. ಆ ಹಂತದಲ್ಲಿ ಬಳಸಿದ ದ್ರವದ ಕ್ಲೋರಿನ್ ಅಂಶವು, ಕೊಳವೆ ಮತ್ತು ಹಲಗೆ ಸೇರುವ ಬೆಸುಗೆಯ ಸಂದಿನಲ್ಲಿ ಅಲ್ಲಲ್ಲಿ ಸಿಕ್ಕಿಕೊಂಡು ಉಳಿಯಿತು.

2021ರ ನವೆಂಬರ್‌ನಲ್ಲಿ ಹೀಲಿಯಂ ಪರೀಕ್ಷೆಯ ವೇಳೆ ಒಂದು ಹಲಗೆಯಲ್ಲಿ ಸೋರಿಕೆ ಕಂಡಿತು. ಪರಿಶೀಲನೆ ಮುಂದುವರಿದಂತೆ 2.2 ಮಿಲಿಮೀಟರ್ ಆಳದವರೆಗಿನ ಬಿರುಕುಗಳು ಗೋಚರಿಸಿದವು. ಮೊದಲಿಗೆ ಒಂದೆರಡು ಕೊಳವೆಗಳ ಮಾತಾಗಿದ್ದುದು, ಒಂದೇ ವಿಧಾನದಿಂದ ತಯಾರಾದ ಯಾವ ಹಲಗೆಯನ್ನೂ ನಂಬುವಂತಿಲ್ಲ ಎಂಬಲ್ಲಿಗೆ ಬಂದು ನಿಂತಿತು. ಸುಮಾರು 23 ಕಿಲೋಮೀಟರ್ ಉದ್ದದ ಕೊಳವೆಯನ್ನು ಬದಲಿಸಬೇಕೆಂದು ತೀರ್ಮಾನಿಸಲಾಯಿತು. ಶಿಡ್ಲಘಟ್ಟದಿಂದ ಚಿಂತಾಮಣಿಗೂ ಅಷ್ಟೇನೂ ಹೆಚ್ಚಿನ ದೂರವಿಲ್ಲವೆಂಬುದನ್ನು ನೆನೆದರೆ ಈ ಕೆಲಸದ ಅಗಾಧತೆ ತಿಳಿಯುತ್ತದೆ. ದುರಸ್ತಿಯ ಗುತ್ತಿಗೆ ಪಡೆದವರಲ್ಲಿ ಗುಜರಾತಿನ ಐನಾಕ್ಸ್ ಇಂಡಿಯಾ ಸಂಸ್ಥೆಯೂ ಇದೆ. ಒಬ್ಬರ ದುರಸ್ತಿ ಇನ್ನೊಬ್ಬರ ಆದೇಶಪುಸ್ತಕ!

ಇಲ್ಲಿ ಸ್ಥಳೀಯ ಉದ್ದಿಮೆದಾರರು ಸ್ವಲ್ಪ ನಿಲ್ಲುವುದು ಒಳ್ಳೆಯದು. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಸಾಮಾನ್ಯ ಗಾಳಿ ನೀರಿನ ಮಟ್ಟಿಗೆ ಅದು ನಿಜ. ಆದರೆ ಮೂರು ಸಂಗತಿಗಳು ಒಂದೆಡೆ ಸೇರಿದಾಗ ಈ ಉಕ್ಕು ಒಳಗೊಳಗೇ ಸೀಳುತ್ತದೆ: ಬೆಸುಗೆ ಅಥವಾ ಬಾಗಿಸುವಿಕೆಯಿಂದ ಉಕ್ಕಿನಲ್ಲಿ ಉಳಿದ ಎಳೆತ, ಅದರ ಮೇಲೆ ಕ್ಲೋರೈಡ್ ಅಂಶ, ಮತ್ತು ತೇವ. ಬಿಸಿಯೂ ಇದ್ದರೆ ಸೀಳುವ ವೇಗ ಹೆಚ್ಚು. ಹೊರನೋಟಕ್ಕೆ ಲೋಹ ಹೊಳೆಯುತ್ತಲೇ ಇರುತ್ತದೆ, ಬಿರುಕು ಮಾತ್ರ ಆಳಕ್ಕೆ ಇಳಿಯುತ್ತಿರುತ್ತದೆ. ಗೂಡು ಬೇಯಿಸುವ ತೊಟ್ಟಿ, ಬಿಸಿನೀರಿನ ಕೊಳವೆ, ಹಾಲಿನ ಪಾತ್ರೆ, ಬಣ್ಣದ ಹಂಡೆ, ಎಲ್ಲವೂ ಈ ಸಾಲಿನಲ್ಲಿ ಬರುತ್ತವೆ. ಕೊಳವೆಬಾವಿಯ ನೀರಿನಿಂದ ಕಟ್ಟಿದ ಗಾರನ್ನು ಬಿಡಿಸಲು ಹೈಡ್ರೋಕ್ಲೋರಿಕ್ ಆಮ್ಲವನ್ನು ಸ್ಟೇನ್‌ಲೆಸ್ ಸ್ಟೀಲಿಗೆ ಸುರಿಯುವುದು ಹಣ ಕೊಟ್ಟು ಬಿರುಕು ಕೊಂಡಂತೆ. ಬ್ಲೀಚಿಂಗ್ ಪುಡಿಯ ನೀರನ್ನು ರಾತ್ರಿಯಿಡೀ ತೊಟ್ಟಿಯಲ್ಲಿ ಬಿಡುವುದೂ ಹಾಗೆಯೇ. ಬಳಸಲೇಬೇಕಾದಾಗ ಶುದ್ಧ ನೀರಿನಿಂದ ಹಲವು ಬಾರಿ ತೊಳೆದು, ಬೆಸುಗೆಯ ಸಂದುಗಳನ್ನು ಒಣಗಿಸಬೇಕು. ನೀರು ತುಂಬಿ ಒತ್ತಡ ಪರೀಕ್ಷೆ ಮಾಡಿದ ಪಾತ್ರೆಯಲ್ಲಿ ಆ ನೀರನ್ನು ವಾರಗಟ್ಟಲೆ ನಿಲ್ಲಿಸಬಾರದು.

ಅಂಚಿನ ಅಳತೆ

ಎರಡನೆಯ ತೊಡಕು ಪಾತ್ರೆಯ ಹೋಳುಗಳ ಅಂಚುಗಳದು. ಒಂದೊಂದು ಹೋಳೂ ಸುಮಾರು 440 ಟನ್ ತೂಕದ ಬೆಸುಗೆ ಕೆಲಸ. ಬೆಸೆದ ಲೋಹ ತಣಿಯುವಾಗ ಎಳೆಯುತ್ತದೆ, ಮೂಲ ಆಕಾರ ಅಲ್ಪಸ್ವಲ್ಪ ಬದಲಾಗುತ್ತದೆ. ಕಬ್ಬಿಣದ ಗೇಟು ಮಾಡುವ ಪ್ರತಿಯೊಬ್ಬ ಬೆಸುಗೆಗಾರನಿಗೂ ಇದು ಗೊತ್ತು. ಈಟರ್ ಹೋಳುಗಳು ಒಂದರ ಪಕ್ಕ ಒಂದು ನಿಂತು ಪರಸ್ಪರ ಬೆಸೆಯಲ್ಪಡಬೇಕು. ಆ ಬೆಸುಗೆಯನ್ನು ಸ್ವಯಂಚಾಲಿತ ಸಾಧನಗಳು ಮಾಡಬೇಕು. ಅಂಚುಗಳ ನಡುವಿನ ಸಂದು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇದ್ದರೆ ಅಂತಹ ಸಾಧನ ಕೆಲಸ ಮಾಡಲಾರದು. ಬಂದ ಹೋಳುಗಳಲ್ಲಿ ಈ ವ್ಯತ್ಯಾಸ ಒಪ್ಪಿತ ಮಿತಿಯನ್ನು ಮೀರಿತ್ತು.

ಪರಿಹಾರ ಸರಳ, ಕೆಲಸ ದೀರ್ಘ. ಕೊರತೆ ಇರುವೆಡೆ ಬೆಸುಗೆಯಿಂದ ಲೋಹವನ್ನು ಪದರಪದರವಾಗಿ ಏರಿಸುವುದು, ಹೆಚ್ಚಿರುವೆಡೆ ಕೊರೆದು ತೆಗೆಯುವುದು, ಪ್ರತಿ ಪದರವನ್ನೂ ಪರೀಕ್ಷಿಸುವುದು. ಸವೆದ ಷಾಫ್ಟಿಗೆ ಬೆಸುಗೆ ತುಂಬಿ ಲೇತಿನಲ್ಲಿ ಕಡೆಯುವ ಪದ್ಧತಿಯೇ ಇದು. ಇಲ್ಲಿ ಷಾಫ್ಟು ಮೂರು ಅಂತಸ್ತಿನ ಮನೆಗಿಂತ ಎತ್ತರ.

ಇವೆರಡನ್ನೂ ಗುಂಡಿಯೊಳಗೇ ಇಟ್ಟುಕೊಂಡು ಸರಿಪಡಿಸಬಹುದೇ ಎಂಬ ಪ್ರಶ್ನೆ ಬಂದಿತು. ಇಕ್ಕಟ್ಟಿನಲ್ಲಿ ದುರಸ್ತಿ ನಡೆಸಿದರೆ ತೆಗೆಯುವ ಖರ್ಚು ಉಳಿಯುತ್ತದೆ, ಆದರೆ ಕೆಲಸದ ಗುಣ ಖಚಿತವಾಗುವುದಿಲ್ಲ. ಮೇಲಾಗಿ ಗುಂಡಿಯಲ್ಲಿ ಬೇರೆ ಕೆಲಸಗಳು ನಿಲ್ಲುತ್ತವೆ. ಈಟರ್ ಸಂಸ್ಥೆಯವರು ಹೋಳನ್ನು ಹೊರತೆಗೆಯುವುದನ್ನೇ ಆರಿಸಿಕೊಂಡರು. ಆಗಲೇ ಹಾಕಿದ ಹಣದ ಮೋಹಕ್ಕೆ ಒಳಗಾಗಿ ಅದರ ಮೇಲೆಯೇ ಮುಂದಿನ ಎಂಟು ಹೋಳುಗಳನ್ನು ಕೂರಿಸಿದ್ದರೆ, ಮುಂದೊಂದು ದಿನ ಒಂಬತ್ತನ್ನೂ ತೆಗೆಯಬೇಕಾದ ಸ್ಥಿತಿ ಒದಗಬಹುದಿತ್ತು. ಲೆಕ್ಕಶಾಸ್ತ್ರದಲ್ಲಿ ಆಗಿಹೋದ ಖರ್ಚು ಮುಂದಿನ ನಿರ್ಣಯಕ್ಕೆ ಆಧಾರವಾಗಬಾರದೆಂದು ಹೇಳುವುದುಂಟು. ಪರೀಕ್ಷೆಯ ಹಾಳೆಯಲ್ಲಿ ಬರೆಯುವುದು ಸುಲಭ. ಸಾವಿರ ಟನ್ನಿನ ಹೋಳನ್ನು ಜಗತ್ತಿನ ಕಣ್ಣೆದುರು ಮೇಲೆತ್ತುವುದು ಬೇರೆ ಮಾತು.

ಬಿಚ್ಚಿದ ಸಂದರ್ಭದಲ್ಲಿ ಉತ್ತಮಪಡಿಸುವಿಕೆ

ಹಿಂದಿನ ಯೋಜನೆಯಂತೆ 2025ರಲ್ಲಿಯೇ ಯಂತ್ರ ಚಾಲನೆಯಾಗಬೇಕಿತ್ತು. 2024ರ ಜುಲೈನಲ್ಲಿ ಪ್ರಕಟವಾದ ಹೊಸ ವೇಳಾಪಟ್ಟಿಯ ಪ್ರಕಾರ ಸಂಶೋಧನಾ ಕಾರ್ಯ 2034ರಲ್ಲಿ ಆರಂಭ, ಡ್ಯುಟೀರಿಯಂ-ಟ್ರಿಟಿಯಂ ಇಂಧನದ ಪ್ರಯೋಗ 2039ರಲ್ಲಿ. ಹೆಚ್ಚುವರಿ ವೆಚ್ಚ ಸುಮಾರು 500 ಕೋಟಿ ಯೂರೋ ಎಂದು ಅಂದಾಜಿಸಲಾಯಿತು. ಈ ವಿಳಂಬಕ್ಕೆ ಕೋವಿಡ್ ಕಾಲದ ಅಡಚಣೆ ಮುಂತಾದ ಇತರ ಕಾರಣಗಳೂ ಇವೆ. ಎಲ್ಲವನ್ನೂ ಕೊಳವೆಯ ಬಿರುಕಿನ ತಲೆಗೆ ಕಟ್ಟುವುದು ಸರಿಯಲ್ಲ.

ಹೇಗೂ ತಡವಾಗಲಿರುವಾಗ ಕೆಲವು ಸುಧಾರಣೆಗಳನ್ನೂ ಇದೇ ಅವಧಿಯಲ್ಲಿ ಸೇರಿಸಿಕೊಳ್ಳಲಾಯಿತು. ಉರಿಯುವ ಅನಿಲಕ್ಕೆ ಎದುರಾಗಿ ನಿಲ್ಲುವ ಒಳಗೋಡೆಗೆ ಬೆರಿಲಿಯಂ ಬಳಸಬೇಕೆಂದಿದ್ದುದನ್ನು ಟಂಗ್‌ಸ್ಟನ್‌ಗೆ ಬದಲಿಸಿದ್ದು ಇವುಗಳಲ್ಲಿ ಮುಖ್ಯ. ಬೆರಿಲಿಯಂ ಪುಡಿ ಉಸಿರಿನಲ್ಲಿ ಸೇರಿದರೆ ವಿಷ, ಅದನ್ನು ನಿರ್ವಹಿಸುವ ಖರ್ಚೂ ವಿಪರೀತ. ಟಂಗ್‌ಸ್ಟನ್ ಹೆಚ್ಚಿನ ಶಾಖ ತಾಳುತ್ತದೆ. ದುರಸ್ತಿಗೊಂಡ ಹೋಳುಗಳಲ್ಲಿ ಮೊದಲನೆಯದು 2025ರ ಏಪ್ರಿಲ್‌ನಲ್ಲಿ ಗುಂಡಿಗೆ ಇಳಿಯಿತು. ಅದು ಏಳನೆಯ ಸಂಖ್ಯೆಯ ಹೋಳು. ಹಿಂದೆ ಹೊರತೆಗೆದಿದ್ದ ಆರನೆಯ ಸಂಖ್ಯೆಯದು ಅದೇ ವರ್ಷದ ಮಧ್ಯಭಾಗದಲ್ಲಿ ಮರಳಿ ತನ್ನ ಸ್ಥಾನ ಸೇರಿತು.

ನಿಲುಗಡೆಯ ಅವಧಿಯನ್ನು ಹೀಗೆ ಎರಡು ಕೆಲಸಕ್ಕೆ ಬಳಸಿಕೊಂಡ ಹಳೆಯ ನಿದರ್ಶನ ಇಂಗ್ಲೆಂಡಿನದು. ಆಕ್ಸ್‌ಫರ್ಡ್‌ಷೈರಿನ ಕಲ್ಹಂನಲ್ಲಿದ್ದ ಜೆಟ್ ಎಂಬ ಟೋಕಮಾಕನ್ನು 2009ರ ಅಕ್ಟೋಬರ್‌ನಿಂದ 2011ರವರೆಗೆ ನಿಲ್ಲಿಸಿ, ಇಂಗಾಲದ ಒಳಗೋಡೆಯನ್ನು ತೆಗೆದು ಬೆರಿಲಿಯಂ ಮತ್ತು ಟಂಗ್‌ಸ್ಟನ್ ಗೋಡೆ ಹಾಕಲಾಯಿತು. ಒಳಗೆ ವಿಕಿರಣ ಇದ್ದುದರಿಂದ ಈ ಕೆಲಸದ ಬಹುಭಾಗವನ್ನು ದೂರದಿಂದ ನಡೆಸುವ ಯಾಂತ್ರಿಕ ತೋಳುಗಳೇ ಮಾಡಿದವು. ಅದಕ್ಕಾಗಿ ಯಂತ್ರದ ಒಳಭಾಗದ ಪ್ರತಿಕೃತಿಯನ್ನು ಹೊರಗೆ ಕಟ್ಟಿ ಮೊದಲೇ ಅಭ್ಯಾಸ ಮಾಡಲಾಗಿತ್ತು. ಯಂತ್ರ ನಿಂತ ಮೇಲೆ ಕೆಲಸ ಯೋಚಿಸುವ ಪದ್ಧತಿ ಅಲ್ಲಿ ಇರಲಿಲ್ಲ. 2023ರ ಡಿಸೆಂಬರ್‌ನಲ್ಲಿ ಜೆಟ್ ತನ್ನ ಕಾರ್ಯವನ್ನು ಮುಗಿಸಿತು.

ಗಾಂಧಿನಗರದ ಎರಡು ಯಂತ್ರಗಳು

ಭಾರತಕ್ಕೆ ಈ ಪಾಠ ಹೊಸದಲ್ಲ. ಗುಜರಾತಿನ ಗಾಂಧಿನಗರದ ಬಳಿಯ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ ದೇಶೀಯವಾಗಿ ರೂಪಿಸಿದ ಮೊದಲ ಟೋಕಮಾಕ್ 'ಆದಿತ್ಯ' 1989ರಲ್ಲಿ ಆರಂಭವಾಯಿತು. 30,000ಕ್ಕೂ ಹೆಚ್ಚು ಬಾರಿ ಚಾಲನೆ ಕಂಡ ಬಳಿಕ ಅದನ್ನು ಪೂರ್ತಿ ಬಿಚ್ಚಲಾಯಿತು. ಹಳೆಯ ನಿರ್ವಾತ ಪಾತ್ರೆಯ ಅಡ್ಡಕೊಯ್ತ ಚೌಕಾಕಾರದ್ದಾಗಿತ್ತು. ಅದರ ಬದಲು ವೃತ್ತಾಕಾರದ ಹೊಸ ಪಾತ್ರೆ ಬಂದಿತು. ಹಳೆಯ 20 ಮುಖ್ಯ ಕಾಂತ ಸುರುಳಿಗಳನ್ನು ಉಳಿಸಿಕೊಂಡು, ಹೊಸದಾಗಿ ಕೆಲವು ಸುರುಳಿಗಳನ್ನು ಸೇರಿಸಲಾಯಿತು. 2016ರ ಡಿಸೆಂಬರ್ 1ರಂದು ಯಂತ್ರ 'ಆದಿತ್ಯ-ಯು' ಎಂಬ ಹೆಸರಿನಲ್ಲಿ ಮರಳಿ ಚಾಲನೆಗೊಂಡಿತು. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಕಿತ್ತುಹಾಕಬೇಕು ಎಂಬ ವಿವೇಚನೆಯೇ ಅಲ್ಲಿ ಹಣ ಉಳಿಸಿತು.

ಅದೇ ಆವರಣದ ಇನ್ನೊಂದು ಯಂತ್ರ, ಎಸ್‌ಎಸ್‌ಟಿ-1. ಅತಿವಾಹಕ ಸುರುಳಿಗಳಿದ್ದ ಈ ಯಂತ್ರವನ್ನು ಮೊದಲ ಬಾರಿ ಜೋಡಿಸಿ ತಣಿಸಿದಾಗ ಸೋರಿಕೆ ಮತ್ತು ಸುರುಳಿಗಳ ಕೀಲುಗಳ ದೋಷಗಳು ಎದುರಾದವು. 2009ರಲ್ಲಿ ಪುನಶ್ಚೇತನದ ಕಾರ್ಯ ಕೈಗೊಂಡು ಯಂತ್ರವನ್ನು ಬಿಚ್ಚಲಾಯಿತು. ಈ ಬಾರಿ 16 ಮುಖ್ಯ ಸುರುಳಿಗಳಲ್ಲಿ ಒಂದೊಂದನ್ನೂ ಪ್ರತ್ಯೇಕವಾಗಿ, ನಿಜವಾದ ಶೀತದಲ್ಲಿ, ವಿದ್ಯುತ್ ಹಾಯಿಸಿ ಪರೀಕ್ಷಿಸಿದ ಮೇಲೆಯೇ ಜೋಡಣೆಗೆ ಬಿಡಲಾಯಿತು. ಒಂದು ಸುರುಳಿಯನ್ನು ತಣಿಸಿ ಪರೀಕ್ಷಿಸುವುದಕ್ಕೇ ದಿನಗಳು ಹಿಡಿಯುತ್ತವೆ. ಹದಿನಾರಕ್ಕೆ ತಿಂಗಳುಗಳೇ ಬೇಕು. ಆ ತಿಂಗಳುಗಳು ವ್ಯರ್ಥವೆಂದು ಅನ್ನಿಸಿದವರು ಮೊದಲ ಜೋಡಣೆಯ ಗತಿಯನ್ನು ನೆನೆದರೆ ಸಾಕು. 2013ರ ಜೂನ್ 20ರಂದು ಯಂತ್ರ ಮೊದಲ ಪ್ಲಾಸ್ಮಾ ಕಂಡಿತು.

ಲೆಕ್ಕಪುಸ್ತಕದಲ್ಲಿ

ಸಣ್ಣ ಕಾರ್ಖಾನೆಯ ಮಟ್ಟಕ್ಕೆ ಇಳಿಸಿ ನೋಡಬಹುದು. ಉದಾಹರಣೆಗೆ, ವರ್ಕ್‌ಷಾಪೊಂದು ಬೆಸೆದ ಕೊಳವೆಯ 200 ತುಂಡುಗಳಿಗೆ ತಲಾ 1,800 ರೂ.ನಂತೆ ಆದೇಶ ಪಡೆದಿದೆ ಎಂದಿಟ್ಟುಕೊಳ್ಳೋಣ. ಒಟ್ಟು 3,60,000 ರೂ.; ಶೇಕಡ 10ರ ಲಾಭವೆಂದರೆ 36,000. ಪ್ರತಿ ತುಂಡಿಗೂ ಸೋರಿಕೆ ಪರೀಕ್ಷೆ ಮಾಡಲು 40 ರೂ. ಬೀಳುತ್ತದೆ, ಅಂದರೆ 8,000 ರೂ. ಪರೀಕ್ಷೆ ಮಾಡಿದರೆ ಲಾಭ 28,000ಕ್ಕೆ ಇಳಿಯುತ್ತದೆ. ಪರೀಕ್ಷೆ ಬಿಟ್ಟರೆ 8,000 ಉಳಿತಾಯ. ಆದರೆ ಮೂರು ತುಂಡುಗಳು ಗ್ರಾಹಕನ ಯಂತ್ರದೊಳಗೆ ಸೇರಿದ ಮೇಲೆ ಸೋರಿ, ಅದನ್ನು ಬಿಚ್ಚಿ ಜೋಡಿಸಿದ 60,000 ರೂ. ಬಿಲ್ಲಿನಿಂದ ಕಡಿತವಾದರೆ, 36,000 ಲಾಭವು 24,000 ನಷ್ಟವಾಗುತ್ತದೆ. ತುಂಡಿನ ಬೆಲೆ 1,800 ಮಾತ್ರ ಎಂಬ ವಾದ ಅಲ್ಲಿ ನಡೆಯುವುದಿಲ್ಲ, ಕರಾರಿನಲ್ಲಿ ಹೊಣೆಯ ಮಿತಿ ಬರೆದಿರದ ಹೊರತು. ಆದೇಶಪತ್ರದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದದೆ ಸಹಿ ಹಾಕುವ ರೂಢಿ ನಿಲ್ಲಬೇಕಾದದ್ದು ಇದಕ್ಕಾಗಿ.

ದುರಸ್ತಿಯ ಹೊಣೆಯನ್ನು ಲೆಕ್ಕದಲ್ಲಿ ಮೊದಲೇ ಕಾಣಿಸಬಹುದು. ಲೆಕ್ಕ ಮಾನದಂಡ 29ರ ಪ್ರಕಾರ, ಆಗಿಹೋದ ಘಟನೆಯಿಂದ ಬಂದ ಬಾಧ್ಯತೆ, ಹಣ ಹೊರಹೋಗುವ ಸಂಭವ, ನಂಬಲರ್ಹ ಅಂದಾಜು, ಈ ಮೂರೂ ಇದ್ದಲ್ಲಿ ನಿಬಂಧನೆ ಮಾಡಬೇಕು. ಮಾರಿದ ಸರಕಿನ ವಾರಂಟಿಗೆ ಹೀಗೆ ಮಾಡಿದ ನಿಬಂಧನೆಯನ್ನು, ಹಿಂದಿನ ವರ್ಷಗಳ ಅನುಭವದ ಆಧಾರವಿದ್ದರೆ, ತೆರಿಗೆ ಲೆಕ್ಕದಲ್ಲಿ ಖರ್ಚೆಂದು ಒಪ್ಪಬೇಕೆಂದು ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಆಧಾರವೆಂದರೆ ಕಾಗದ. ಎಷ್ಟು ಮಾರಿದೆವು, ಎಷ್ಟು ಹಿಂದಿರುಗಿತು, ಯಾವ ದೋಷಕ್ಕೆ ಎಷ್ಟು ಖರ್ಚಾಯಿತು ಎಂಬ ಪುಸ್ತಕ ಇಡದವರಿಗೆ ಈ ತೀರ್ಪಿನಿಂದ ಪ್ರಯೋಜನವಿಲ್ಲ.

ಸರಕು ಒಪ್ಪಿಕೊಂಡ ದಿನದ ಬಗೆಗೂ ಎಚ್ಚರ ಬೇಕು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಕಾಯ್ದೆಯಡಿ, ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರ ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ ಅದನ್ನು ಒಪ್ಪಿಕೊಂಡಂತೆಯೇ ಭಾವಿಸಲಾಗುತ್ತದೆ. ಹಣ ಪಾವತಿಯ ಗಡುವು ಕರಾರಿನಲ್ಲಿ ಏನೇ ಇದ್ದರೂ 45 ದಿನಗಳನ್ನು ಮೀರುವಂತಿಲ್ಲ. ಇದು ಸಣ್ಣ ಸರಬರಾಜುದಾರರಿಗೆ ಬಲವಾದ ಆಸರೆ. ಆದರೆ ಇದು ಪಾವತಿಯ ದಿನವನ್ನು ನಿಗದಿಪಡಿಸುತ್ತದೆಯೇ ಹೊರತು, ನಂತರ ಕಂಡ ದೋಷದ ವಾರಂಟಿ ಹೊಣೆಯನ್ನು ಅಳಿಸುವುದಿಲ್ಲ. ಇವೆರಡನ್ನೂ ಒಂದೇ ಎಂದು ತಿಳಿದವರು ಹಲವರಿದ್ದಾರೆ.

ಇನ್ನು ಸ್ವಂತ ಕಾರ್ಖಾನೆಯ ಯಂತ್ರವನ್ನು ನಿಲ್ಲಿಸಿ ಬಿಚ್ಚಿದಾಗ ಆಗುವ ಖರ್ಚು: ಅದು ದುರಸ್ತಿಯೋ, ಬಂಡವಾಳವೋ? 1961ರ ಆದಾಯ ತೆರಿಗೆ ಕಾಯ್ದೆಯ 31ನೇ ಕಲಮಿನಲ್ಲಿದ್ದ 'ಚಾಲ್ತಿ ದುರಸ್ತಿ' ಎಂಬ ಪದದ ಅರ್ಥವನ್ನು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ವಿವರಿಸಿತು. ನೂಲಿನ ಗಿರಣಿಯಲ್ಲಿ ಹಳೆಯ ರಿಂಗ್ ಫ್ರೇಮ್ ತೆಗೆದು ಹೊಸದನ್ನು ಹಾಕಿದ್ದು ದುರಸ್ತಿಯೆಂದು ಗಿರಣಿಯ ವಾದವಾಗಿತ್ತು. ಗಿರಣಿಯ ಪ್ರತಿಯೊಂದು ಯಂತ್ರವೂ ತನ್ನದೇ ಕೆಲಸವುಳ್ಳ ಸ್ವತಂತ್ರ ಆಸ್ತಿ, ಇರುವ ಆಸ್ತಿಯನ್ನು ಕಾಪಾಡುವ ಖರ್ಚಷ್ಟೇ ದುರಸ್ತಿ, ಹೊಸ ಆಸ್ತಿ ತರುವುದು ದುರಸ್ತಿಯಲ್ಲ ಎಂದು ನ್ಯಾಯಾಲಯ ಹೇಳಿತು. ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆ ಘಟಕಗಳಿಗೆ ಇದು ನೇರವಾಗಿ ಅನ್ವಯಿಸುವ ವಿಚಾರ. ಬಾಯ್ಲರಿನ ಕೆಲವು ಕೊಳವೆ, ರಾಟೆಯ ಬೇರಿಂಗು, ತೊಟ್ಟಿಯ ತಳ ಬದಲಿಸಿದರೆ ಅದು ದುರಸ್ತಿ; ಆ ವರ್ಷವೇ ಖರ್ಚು ಬರೆಯಬಹುದು. ಕಾಟೇಜ್ ಬೇಸಿನ್‌ಗಳನ್ನು ತೆಗೆದು ಸ್ವಯಂಚಾಲಿತ ರೀಲಿಂಗ್ ಯಂತ್ರ ಕೂರಿಸಿದರೆ ಅದು ಬಂಡವಾಳ. ವರ್ಷವರ್ಷವೂ ಸವಕಳಿ ಬರೆಯಬೇಕು. ಒಂದೇ ನಿಲುಗಡೆಯಲ್ಲಿ ಎರಡೂ ನಡೆದರೆ, ಜೋಡಣೆಯ ಕೂಲಿ ಹಾಗೂ ಸಾಗಣೆಯ ಬಿಲ್ಲುಗಳನ್ನು ಕೆಲಸ ನಡೆಯುವಾಗಲೇ ಬೇರೆಬೇರೆಯಾಗಿ ಪಡೆಯಬೇಕು. ಮಾರ್ಚ್ ಕೊನೆಯಲ್ಲಿ ಕುಳಿತು ಒಂದೇ ಬಿಲ್ಲನ್ನು ಅಂದಾಜಿನಿಂದ ಇಬ್ಭಾಗ ಮಾಡಿದರೆ ಅಧಿಕಾರಿಯ ಪ್ರಶ್ನೆಗೆ ಉತ್ತರವಿರುವುದಿಲ್ಲ. 1961ರ ಕಾಯ್ದೆಯ ಸ್ಥಾನಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಕಲಮುಗಳ ಸಂಖ್ಯೆ ಬದಲಾಗಿರುವುದನ್ನೂ ನೋಡಿಕೊಳ್ಳಬೇಕು.

ದೊಡ್ಡ ಯೋಜನೆಗಳ ಉಪಗುತ್ತಿಗೆ ಬಯಸುವ ಘಟಕಗಳು ಇಂದಿನಿಂದಲೇ ಆರಂಭಿಸಬಹುದಾದ ಅಭ್ಯಾಸವೊಂದಿದೆ. ಖರೀದಿಸಿದ ಉಕ್ಕಿನ ಹಲಗೆಯ ಮೇಲಿನ ಎರಕದ ಸಂಖ್ಯೆಯನ್ನು ಕತ್ತರಿಸುವ ಮೊದಲು ಬರೆದುಕೊಂಡು, ಕತ್ತರಿಸಿದ ತುಂಡುಗಳಿಗೂ ಅದನ್ನು ಮುಂದುವರಿಸುವುದು. ಬೆಸುಗೆಗಾರನ ಹೆಸರು, ಬಳಸಿದ ಕಡ್ಡಿ, ತೊಳೆದ ದ್ರವ, ಪರೀಕ್ಷೆಯ ಫಲಿತಾಂಶಗಳನ್ನು ಅದೇ ಹಾಳೆಯಲ್ಲಿ ದಾಖಲಿಸುವುದು. ಇದಕ್ಕೆ ಒಂದು ಪುಸ್ತಕ, ಬರೆಯುವ ಒಬ್ಬ ನೌಕರ ಸಾಕು. ಶಾಖ ಕವಚದ ಒಂದು ಹಲಗೆಯಲ್ಲಿ ಸೋರಿಕೆ ಕಂಡಾಗ ಉಳಿದವೂ ಅದೇ ವಿಧಾನದಲ್ಲಿ ತಯಾರಾದವೆಂಬುದು ತಿಳಿದದ್ದು ಇಂತಹ ದಾಖಲೆಗಳಿಂದಲೇ. ಗ್ರಾಹಕನಿಂದ ದೂರು ಬಂದಾಗ 200 ತುಂಡುಗಳಲ್ಲಿ ಯಾವ ಹತ್ತನ್ನು ಹಿಂದಕ್ಕೆ ಕರೆಸಬೇಕೆಂದು ಹೇಳಬಲ್ಲ ಘಟಕ, ಉಳಿದ 190ರ ಹಣವನ್ನು ತಡೆಯಿಲ್ಲದೆ ಕೇಳಬಹುದು.